ಚೌಕಿಯ ಕಡೆಯಿಂದ ಕಂಡ ಆಟ

ಯಕ್ಷಗಾನ ಬಯಲಾಟಕ್ಕೆ ಹೋಗುವವರಲ್ಲಿ ಎರಡು ಪಂಗಡ. ರಂಗಸ್ಥಳದ ಎದುರು ಜಾಗ ಹಿಡಿದು, ಭಾಗವತರು ಬರುವ ತನಕ ನೆಲಗಡಲೆ ಸುಲಿಯುತ್ತ ಕೂರುವವರು ಒಂದು. ಸೀದಾ ವೇಷ ಕಟ್ಟುವ ಚೌಕಿಗೆ ನುಗ್ಗುವವರು ಇನ್ನೊಂದು. ನಾನು ಚಿಕ್ಕಂದಿನಿಂದಲೂ ಎರಡನೆಯ ಪಂಗಡ. ಮಂದಾರ್ತಿ ಮೇಳದ ಹರಕೆಯಾಟ ಯಾರ ಮನೆ ಬಯಲಲ್ಲಿದ್ದರೂ ನನಗೆ ಮೊದಲು ನೋಡಬೇಕಾದ್ದು ಮುಂಡಾಸು ಕಟ್ಟುವುದನ್ನು. ಬಡಗುತಿಟ್ಟಿನ ಮುಂಡಾಸನ್ನು ಪೆಟ್ಟಿಗೆಯಿಂದ ತೆಗೆದು ತಲೆಗಿಟ್ಟುಕೊಂಡರೆ ಆಗಲಿಲ್ಲ. ಅಟ್ಟೆ ಕೂರಿಸಿ, ಬಟ್ಟೆ ಸುತ್ತಿ, ಜರಿಪಟ್ಟಿ ಎಳೆದು, ಆಟ ಇದ್ದ ಪ್ರತಿ ರಾತ್ರಿ ಹೊಸದಾಗಿ ಕಟ್ಟಬೇಕು; ಬೆಳಗಾದ ಮೇಲೆ ಬಿಚ್ಚಬೇಕು. ಚೌಕಿಗೆ ಬಾಗಿಲಿಲ್ಲ, ಯಾರು ಬೇಕಾದರೂ ನಿಂತು ನೋಡಬಹುದು. ನಾಲ್ಕು ಆಟಕ್ಕೆ ಹೀಗೆ ನಿಂತರೆ, ಐದನೆಯದಕ್ಕೆ "ಇದ್ನೊಂಚೂರ್ ಹಿಡ್ಕೋ ಕಾಂಬ" ಎಂದು ಪಟ್ಟಿಯ ಒಂದು ತುದಿಯನ್ನು ನಮ್ಮ ಕೈಗೇ ಕೊಡುತ್ತಾರೆ.

ಕಂಪ್ಯೂಟರಿನ ಬಗ್ಗೆ ಬರೆಯಲು ಕೂತವನಿಗೆ ಆಟದ ಸುದ್ದಿ ಯಾಕೆ? ನನ್ನ ಮೇಜಿನ ಮೇಲೊಂದು ಹಳೇ ಲ್ಯಾಪ್‌ಟಾಪ್ ಇದೆ. ರಿಪೇರಿಯವರು ಗುಜರಿಗೆ ಹಾಕಿ ಎಂದಿದ್ದರು. ಅದರಲ್ಲಿ ಈಗ ಡೆಬಿಯನ್ ಎಂಬ ಲಿನಕ್ಸ್ ಓಡುತ್ತಿದೆ. ಅದಕ್ಕೂ ಒಂದು ಚೌಕಿ ಇದೆ, ಆ ಚೌಕಿಗೂ ಬಾಗಿಲಿಲ್ಲ.

ಇದಕ್ಕೆಲ್ಲ ಮೂಲವಾದ, ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ಎಂಬ ಪ್ರಸಂಗ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಯವರ ಕೈಯಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದವರು ಅದನ್ನು ತಿದ್ದಿ ಬೆಳೆಸಿದರು. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿಗಳು ಆ ವಂಶದವು. ಹಾಗೆಯೇ ನಡೆಯುವ ಆದರೆ ಎಲ್ಲರಿಗೂ ಬಿಟ್ಟುಕೊಟ್ಟ ವ್ಯವಸ್ಥೆಯೊಂದು ಬೇಕೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಿದ್ದ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳಾದ ಲಿನಕ್ಸ್, ಬರೆದರು. ಆದರೆ ಪ್ರಸಂಗದ ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ಆಟ ಆಗುತ್ತದೆಯೇ? ಮೇಳ ಬೇಕು. ಚೆಂಡೆ ಮದ್ದಳೆ, ವೇಷ, ಪೆಟ್ಟಿಗೆ, ಇವತ್ತು ಎಲ್ಲಿ ನಾಳೆ ಎಲ್ಲಿ ಎಂದು ನೋಡಿಕೊಳ್ಳುವವರು ಬೇಕು. ಕರ್ನಲ್ಲಿಗೆ ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ, ಒಂದಕ್ಕೊಂದು ಹೊಂದಿಸಿ, ಜನರ ಕೈಗೆ ಮುಟ್ಟಿಸುವ ಆ ಮೇಳಕ್ಕೆ ಲಿನಕ್ಸಿನವರು ಡಿಸ್ಟ್ರೋ ಎನ್ನುತ್ತಾರೆ. 1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಸ್ಲಾಕ್‌ವೇರ್ ಕಟ್ಟಿದರು. ಅದೇ ವರ್ಷ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ಕಾಲೇಜು ಹುಡುಗ ಡೆಬಿಯನ್ ಘೋಷಿಸಿದ. ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಅಂಟಿಸಿ ಡೆಬ್-ಇಯಾನ್. ಎರಡೂ ಮೇಳ ಇವತ್ತಿಗೂ ತಿರುಗಾಟದಲ್ಲಿವೆ.

ಇಷ್ಟೊಂದು ಡಿಸ್ಟ್ರೋ ಯಾಕೆ, ಎಲ್ಲರೂ ಸೇರಿ ಒಂದೇ ಮಾಡಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಬ್ರಹ್ಮಾವರದವರು ಇದನ್ನು ಕೇಳಬಾರದು. ಊರಿನ ಆಚೀಚೆ ಹಾರಾಡಿ, ಮಟಪಾಡಿ ಎಂಬ ಎರಡು ಹಳ್ಳಿ. ಬಡಗುತಿಟ್ಟಿನ ಒಳಗೇ ಇವೆರಡರ ಹೆಸರಿನ ಎರಡು ಶೈಲಿ. ಅದೇ ಪ್ರಸಂಗ, ಅದೇ ತಾಳ. ಆದರೂ ಹಾರಾಡಿ ರಾಮ ಗಾಣಿಗರ ಗತ್ತೇ ಬೇರೆ, ಮಟಪಾಡಿ ವೀರಭದ್ರ ನಾಯಕರ ಹೆಜ್ಜೆಗಾರಿಕೆಯೇ ಬೇರೆ ಎಂದು ಹಳಬರು ಇಂದಿಗೂ ಕಟ್ಟೆಯ ಮೇಲೆ ಕೂತು ಜಗಳವಾಡುತ್ತಾರೆ. ಡೆಬಿಯನ್ನಿನಿಂದ 2004ರಲ್ಲಿ ಉಬುಂಟು ಕವಲೊಡೆದದ್ದು, ಉಬುಂಟುವಿನಿಂದ ಮಿಂಟ್ ಒಡೆದದ್ದು ಇದೇ ತರಹ. ಒಂದು ಇನ್ನೊಂದನ್ನು ನುಂಗಲಿಲ್ಲ. ರಸಿಕನಿಗೆ ಹೋಲಿಸಿ ನೋಡಲು ಎರಡು ಸಿಕ್ಕವು, ಅಷ್ಟೇ.

ಡೆಬಿಯನ್ನಿನಲ್ಲಿ ಸಂಬಳ ಕೊಡುವ ಯಜಮಾನನಿಲ್ಲ. ಸುಮಾರು ಸಾವಿರ ಮಂದಿ ಅಧಿಕೃತ ಸದಸ್ಯರು ಪ್ರತಿ ವರ್ಷ ಮತ ಹಾಕಿ ತಮ್ಮ ಮುಖ್ಯಸ್ಥರನ್ನು ಆರಿಸುತ್ತಾರೆ. ಒಳಗೆ ಸೇರುವ ಕ್ರಮವಂತೂ ನಮ್ಮವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಮೇಳಕ್ಕೆ ಸೇರಿದ ಹುಡುಗ ಮೊದಲ ದಿನವೇ ಎರಡನೇ ವೇಷ ಕೇಳುವುದಿಲ್ಲ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಮೆಟ್ಟಿಲು ಹತ್ತಿ ಬರಬೇಕು. ಇಲ್ಲಿಯೂ ಹಾಗೆಯೇ. ಮೊದಲು ಒಂದು ದೋಷ ವರದಿ, ಆಮೇಲೆ ಒಂದು ಅನುವಾದ, ಆಮೇಲೆ ಹಿರಿಯರೊಬ್ಬರ ಹೊಣೆಯಲ್ಲಿ ತಂತ್ರಾಂಶದ ಸಣ್ಣದೊಂದು ಪ್ಯಾಕೇಜ್. ಸದಸ್ಯನಾಗಬೇಕಾದರೆ ಹಳೇ ಸದಸ್ಯರು ಮುಖತಃ ಕಂಡು, ಗುರುತುಚೀಟಿ ನೋಡಿ, ಇವನು ಇವನೇ ಎಂದು ಡಿಜಿಟಲ್ ಸಹಿ ಹಾಕಿಕೊಡುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಹಾಗೆ ಸದಸ್ಯರಾದ ಜಗತ್ತಿನ ಮೂಲೆಮೂಲೆಯವರು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಸೇರಿದ್ದು ಕೊಚ್ಚಿಯಲ್ಲಿ, ಇದೇ ಕಡಲಿನ ಇನ್ನೊಂದು ಬಂದರಿನಲ್ಲಿ.

ಈಗ ನನಗೆ ಬಹಳ ಪ್ರಿಯವಾದದ್ದಕ್ಕೆ ಬರುತ್ತೇನೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 70,000ದ ಆಸುಪಾಸು ಪ್ಯಾಕೇಜುಗಳಿವೆ. ಪ್ರತಿಯೊಂದರ ಜೊತೆಗೂ ಚೇಂಜ್‌ಲಾಗ್ ಎಂಬ ಸಾದಾ ಕಡತ. ಮೊದಲ ಸಾಲಿನಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿಯ ಸಂಖ್ಯೆ. ಕೆಳಗೆ ನಕ್ಷತ್ರ ಗುರುತು ಹಾಕಿ ಏನೇನು ಬದಲಾಯಿತು ಎಂಬುದು: ಇಂಥ ದೋಷ ಮುಚ್ಚಿತು, ವಿವರಣೆಯಲ್ಲಿ ಒಂದು ಕಾಗುಣಿತ ತಿದ್ದಿದೆ. ಹೌದು, ಒಂದು ಕಾಗುಣಿತ ತಿದ್ದಿದ್ದಕ್ಕೂ ಅಲ್ಲಿ ದಾಖಲೆ. ಕೊನೆಯ ಸಾಲು ಎರಡು ಅಡ್ಡಗೆರೆಯಿಂದ ಶುರು: ಮಾಡಿದವರ ಹೆಸರು, ವಾರ, ತಾರೀಕು, ಗಂಟೆ, ನಿಮಿಷ, ಸೆಕೆಂಡು, ಕಟ್ಟಕಡೆಗೆ ಕಾಲವಲಯ. ಈ ಕಾಲವಲಯ ನೋಡುವುದು ನನಗೊಂದು ಚಟ. +0100 ಇದ್ದರೆ ಯುರೋಪಿನ ಯಾವುದೋ ಚಳಿ ಊರು. −0300 ಇದ್ದರೆ ಬ್ರೆಜಿಲ್ ಇರಬಹುದು. ಕನ್ನಡ ಅಕ್ಷರಗಳ ಪ್ಯಾಕೇಜ್ ಬಿಚ್ಚಿದರೆ +0530 ಕಾಣುತ್ತದೆ. ನಮ್ಮ ಗಡಿಯಾರ. ಗಂಟೆ ನೋಡಿದರೆ ಕೆಲವು ಸಲ ರಾತ್ರಿ ಊಟವಾದ ಮೇಲಿನ ಹೊತ್ತು.

ಅಕ್ಕನ ಮಗ ಒಮ್ಮೆ ಪಕ್ಕದಲ್ಲಿ ನಿಂತು ನೋಡುತ್ತಿದ್ದ. "ಅಲ್ದಾ ಮಾವ, ಇಷ್ಟೆಲ್ಲ ಮಾಡ್ರೆ ಅವ್ರಿಗ್ ಎಂತ ಸಿಕ್ಕತ್ತ್?"

"ಹೆಸ್ರ್ ಸಿಕ್ಕತ್ತ್."

"ಅಷ್ಟೇಯಾ?"

ಹರಕೆಯಾಟದ ಕರಪತ್ರದ ಕೆಳಗೆ, ಚಿಕ್ಕ ಅಕ್ಷರದಲ್ಲಿ, ತನ್ನ ಅಪ್ಪಯ್ಯನ ಹೆಸರನ್ನು ಎಷ್ಟು ಹೊತ್ತು ಹುಡುಕಿದ್ದ ಎಂದು ನೆನಪಿಸಿದೆ. ಸುಮ್ಮನಾದ.

ಅಕ್ಷರಗಳ ಪ್ಯಾಕೇಜ್ ಎಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬ್ರಹ್ಮಾವರ ಎಂದು ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರದ ಹೊಟ್ಟೆಯಲ್ಲಿ ಒಂಬತ್ತು: ಬ, ಕೊಂಡಿ, ರ, ಹ, ಕೊಂಡಿ, ಮ, ದೀರ್ಘ, ವ, ರ. ಈ ಒಂಬತ್ತನ್ನು ನಾಲ್ಕು ಮಾಡಿ ತೋರಿಸುವುದು ಹುಡುಗಾಟವಲ್ಲ. ಹ್ಮಾ ಒಂದನ್ನೇ ನೋಡಿ. ದೀರ್ಘ ಬಂದದ್ದು ಮಕಾರದ ಬೆನ್ನಿಗೆ. ಆದರೆ ಪರದೆಯ ಮೇಲೆ ಅದು ಹಕಾರದ ತಲೆ ಹಿಡಿಯಬೇಕು, ಮಕಾರ ಒತ್ತಾಗಿ ಕೆಳಗಿಳಿಯಬೇಕು. ಮಂದಾರ್ತಿ ಇನ್ನೊಂದು ಪರೀಕ್ಷೆ: ಕಿವಿಗೆ ಮೊದಲು ಕೇಳುವ ರಕಾರ ಅರ್ಕಾವತ್ತಾಗಿ ತಿಯ ಹಿಂದೆ ಹೋಗಿ ನಿಲ್ಲಬೇಕು. ಹಿಂದೆಲ್ಲ ಲಿನಕ್ಸಿನಲ್ಲಿ ಕನ್ನಡ ತೆರೆದರೆ ಬ್‌ರಹ್‌ಮಾವರ ಎಂದು ಕೈಕಾಲು ಬಿಡಿಬಿಡಿಯಾಗಿ ಬಿದ್ದಿರುತ್ತಿತ್ತು. ಇವತ್ತು ಕಾಣುವ ಚಂದದ ಹಿಂದೆ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವಿದೆ. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳಿವೆ. ಗುಬ್ಬಿ, ನವಿಲು ಎರಡೂ ಅರವಿಂದ ವಿ.ಕೆ. ಅವರವು. ನವಿಲು ಕೈಬರಹದ ಹಾಗೆ, ಚೂರು ಓಲಾಡುತ್ತದೆ. ಅದಕ್ಕಿಂತ ಹಳೆಯದೊಂದಕ್ಕೆ ಕೇದಗೆ ಎಂಬ ಹೆಸರು. ಹೂವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಟ್ಟಿರಬೇಕು. ನಮ್ಮ ಕಡೆಯವರಿಗೆ ಮಾತ್ರ ಮೊದಲು ಕಣ್ಣೆದುರು ಬರುವುದು ಅಭಿಮನ್ಯುವಿನ ಕೇದಗೆ ಮುಂದಲೆ.

ಒತ್ತುವ ಕೈಯ ಸುಖ ಬೇರೆಯೇ ಇದೆ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಭಾರತದ ಭಾಷೆಗಳ ಸಾಲಿಗೆ ಹೋದರೆ ಕನ್ನಡದ ಅಡಿಯಲ್ಲಿ ಕಗಪ ಎಂಬ ವಿನ್ಯಾಸ ಸಿಗುತ್ತದೆ. ಅದರ ಮೂಲ ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು, ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ್ದೂ ಅದನ್ನೇ. ನುಡಿ ತಂತ್ರಾಂಶ ಬಳಸಿದ ಯಾರಿಗೂ ಅದು ಕೈಯ ಬಾಯಿಪಾಠ. ಅದರಲ್ಲಿ ಒತ್ತಕ್ಷರದ ಕೊಂಡಿ ಇರುವುದು ಎಫ್ ಕೀಲಿಯಲ್ಲಿ. ಎಡಗೈಯ ತೋರುಬೆರಳು ಸುಮ್ಮನೆ ಕೂರುವ ಜಾಗ ಅದು, ಬೆರಳಿಗೆ ತಾಗಲೆಂದು ಸಣ್ಣ ಗೆರೆ ಉಬ್ಬಿರುತ್ತದೆ. ಒತ್ತಿಲ್ಲದೆ ಒಂದು ಸಾಲು ಬರೆಯಲಾಗದ ಭಾಷೆಯ ಕೊಂಡಿಯನ್ನು ಬೆರಳಿಗೆ ತಾನಾಗಿ ಸಿಗುವಲ್ಲಿ ಇಟ್ಟದ್ದು ಎಂಥ ಲೆಕ್ಕಾಚಾರ! ಬ್ರಹ್ಮಾವರಕ್ಕೆ ಒಂಬತ್ತು ಒತ್ತು, ಯಂತ್ರದ ಒಳಗೂ ಒಂಬತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಕರಾವಳಿಯ ಒಬ್ಬರ ಬುದ್ಧಿ ಈಗ ಬರ್ಲಿನ್ನಿನಲ್ಲಿ ಯಾರೋ ಹಾಕಿಕೊಂಡ ಲಿನಕ್ಸಿನಲ್ಲೂ, ಅವರಿಗೆ ಗೊತ್ತೇ ಇಲ್ಲದೆ, ಕೂತಿದೆ.

ಲಿನಕ್ಸಿನ ಕನ್ನಡ ಅನುವಾದದ ವಿಷಯದಲ್ಲಿ ನನಗೆ ತಕರಾರೂ ಇದೆ. ಪಾಸ್‌ವರ್ಡಿಗೆ ಗುಪ್ತಪದ ಎಂದದ್ದು ಪರವಾಗಿಲ್ಲ. ಕೆಲವು ಮೆನುಗಳನ್ನು ಓದುವಾಗ ಮಾತ್ರ ನೋಂದಣಿ ಕಚೇರಿಯ ಬರವಣಿಗೆ ಓದಿದ ಹಾಗಾಗುತ್ತದೆ. ಆದರೆ ಫೈಲಿಗೆ ಕಡತ ಎಂದವರಿಗೆ ಕೈಮುಗಿಯಬೇಕು. ಕಡತ ಎಂದರೆ ಮೊದಲು ಬಟ್ಟೆಯ ಪುಸ್ತಕ. ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ದೇವಸ್ಥಾನದ, ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಅಳಿಸಬಹುದು, ಮೇಲೆ ಮತ್ತೆ ಬರೆಯಬಹುದು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಟರ್ಮಿನಲ್ ತೆರೆದಾಗೆಲ್ಲ ನನಗೆ ಆ ಬಟ್ಟೆಯೇ ನೆನಪಾಗುತ್ತದೆ.

ಈ ಲೋಕದಲ್ಲಿ ತಂತ್ರಾಂಶದ ಮೂಲ ಲೇಖಕರನ್ನು ಅಪ್‌ಸ್ಟ್ರೀಮ್ ಎನ್ನುತ್ತಾರೆ, ಹೊಳೆಯ ಮೇಲಿನವರು. ಮೇಲಿಂದ ಬಂದದ್ದನ್ನು ಡಿಸ್ಟ್ರೋದವರು ತಿದ್ದಿ ಬಳಸುತ್ತಾರೆ, ತಿದ್ದಿದ್ದನ್ನು ಮತ್ತೆ ಮೇಲಕ್ಕೆ ಕಳಿಸುತ್ತಾರೆ. ಹೊಳೆ ಎಲ್ಲಾದರೂ ಮೇಲಕ್ಕೆ ಹರಿಯುತ್ತದೆಯೇ ಎಂದು ಘಟ್ಟದ ಮೇಲಿನವರು ಕೇಳಿಯಾರು. ಕುಂದಾಪುರದ ಪಂಚಗಂಗಾವಳಿಯ ದಡದಲ್ಲಿ ಉಬ್ಬರದ ಹೊತ್ತಿಗೆ ಒಮ್ಮೆ ನಿಂತು ನೋಡಲಿ.

ತಲಪಾಡಿಯ ಗಡಿ ದಾಟಿದರೆ ಇನ್ನೊಂದು ನೋಟ. ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲೆಗಳಿಗೆಂದೇ ಉಬುಂಟುವಿನಿಂದ ಕಟ್ಟಿದ ಲಿನಕ್ಸಿನಲ್ಲಿ ಪಾಠ ಕಲಿಯುತ್ತಾರೆ. ಅದರ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಹೊಟ್ಟೆಕಿಚ್ಚು ಪಡಲು ಇದಕ್ಕಿಂತ ಒಳ್ಳೆಯ ಕಾರಣ ನಮ್ಮ ತಾಲೂಕಿನವರಿಗೆ ಸಿಗಲಿಕ್ಕಿಲ್ಲ.

ಕೊನೆಗೊಂದು ಮಾತು ಬಾಕಿ ಇದೆ. ಲಿನಕ್ಸಿನ ತಳದಲ್ಲಿ ಲೊಕೇಲ್ ಎಂಬ ಕಡತಗಳಿರುತ್ತವೆ, ಭಾಷೆಗೊಂದು. ವಾರದ ಹೆಸರು, ತಿಂಗಳ ಹೆಸರು, ತಾರೀಕು ಬರೆಯುವ ರೀತಿ, ಹೌದು ಅಲ್ಲ ಎನ್ನುವುದು ಹೇಗೆ, ಎಲ್ಲ ಅದರಲ್ಲಿ. ಕನ್ನಡದ್ದು ಇದೆ. ತುಳುವಿನದು ಇದೆ. ಕೊಂಕಣಿಯದೂ ಇದೆ. ಬ್ರಹ್ಮಾವರ ದಾಟಿ ಬೈಂದೂರಿನ ತನಕ ಬಾಯಲ್ಲಿರುವ ಕುಂದಾಪ್ರ ಕನ್ನಡದ್ದು ಇಲ್ಲ. ಬೇರೆ ಭಾಷೆಯೆಂದು ಯಾರ ಹತ್ತಿರವೂ ವಾದ ಹೂಡಬೇಕಾಗಿಲ್ಲ. ಕೆಟಲನ್ ಭಾಷೆಯ ಅಡಿಯಲ್ಲೇ ವೆಲೆನ್ಸಿಯಾದವರದೊಂದು ಪ್ರಭೇದ ಅಲ್ಲಿ ಆಗಲೇ ಸೇರಿದೆ. ಬೇಕಾದದ್ದು ಒಂದು ಸಾದಾ ಕಡತ, ಅದರಲ್ಲಿ ಆಯ್ತವಾರದಿಂದ ಶುರುಮಾಡಿ ವಾರದ ಏಳು ಹೆಸರು, ಆಮೇಲೆ ತಿಂಗಳುಗಳು. ಪ್ರತಿ ವರ್ಷ ಆಸಾಡಿ ಅಮಾಸಿಗೆ ಕುಂದಾಪ್ರ ಕನ್ನಡದ ದಿನ ಮಾಡಿ ಭಾಷಣ ಕೇಳುತ್ತೇವಲ್ಲ, ಈ ಸಲ ನಾಲ್ಕು ಜನ ಕೂತು ಇದನ್ನೊಂದು ಬರೆಯುವ. ಬನ್ನಿ ಮಾರಾಯ್ರೆ.