ಮುನ್ಸಿಪಾಲ್ಟಿಯೋರು ಸಾಲ ಕೊಡ್ತಾರಾ?

2018ರ ಬೇಸಿಗೆ. ಆಫೀಸಿನ ಪ್ರಾಜೆಕ್ಟ್ ಅಂತ ನಾನು ಬ್ರೈಟನ್‌ನಲ್ಲಿದ್ದೆ. ಅಮ್ಮ ಆರು ವಾರಕ್ಕೆ ಬಂದಿದ್ದಳು. ಸಮುದ್ರ ತೋರಿಸಿದೆ, ಅರಮನೆ ತೋರಿಸಿದೆ. ಕೊನೆಗೆ ಐ360 ಅನ್ನೋ ಟವರಿಗೆ ಕರ್ಕೊಂಡು ಹೋದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ನೀರಿನ ಪಕ್ಕದಲ್ಲೇ ನೆಟ್ಟ 162 ಮೀಟರಿನ ತೆಳ್ಳನೆ ಕಂಬ ಅದು. ಕಂಬದ ಸುತ್ತ ಬಳೆಯಂಥ ಗಾಜಿನ ಕೋಣೆ. ಜನರನ್ನ ತುಂಬ್ಕೊಂಡು 138 ಮೀಟರ್ ಮೇಲಕ್ಕೆ ಹೋಗುತ್ತೆ, ಸ್ವಲ್ಪ ಹೊತ್ತು ನಿಲ್ಲುತ್ತೆ, ಇಳಿಯುತ್ತೆ.

ಮೇಲೆ ಹೋದ ಮೇಲೆ ಅಮ್ಮ ಕೇಳಿದ ಮೊದಲ ಪ್ರಶ್ನೆ, “ನಿನ್ನ ರೂಮೆಲ್ಲೋ?” ಕಾಣಲ್ಲಮ್ಮ, ದಿಣ್ಣೆಯ ಹಿಂದಿದೆ ಅಂದೆ. ಎರಡನೇ ಪ್ರಶ್ನೆ, “ಯಾರೋ ಕಟ್ಟಿಸಿದ್ದು ಇದನ್ನ?” ಒಂದು ಕಂಪನಿ, ಆದರೆ ದುಡ್ಡಿನ ಬಹುಪಾಲು ಇಲ್ಲಿನ ಕೌನ್ಸಿಲ್ ಕೊಟ್ಟ ಸಾಲ ಅಂದೆ. ಅಮ್ಮ ನನ್ನ ಮುಖ ನೋಡಿದಳು. “ಮುನ್ಸಿಪಾಲ್ಟಿಯೋರು ಸಾಲ ಕೊಡ್ತಾರಾ?”

ಆಗ ನಕ್ಕು ಸುಮ್ಮನಾದೆ. ಆಮೇಲೆ ಅನ್ನಿಸಿತು, ಆ ಊರಿನ ಬಗ್ಗೆ ಯಾರಾದ್ರೂ ಕೇಳಬೇಕಾಗಿದ್ದ ಅತ್ಯಂತ ಸರಿಯಾದ ಪ್ರಶ್ನೆ ಅದೇ ಅಂತ.

ಮೊದಲು ಊರಿನ ನೆಲ ನೋಡೋಣ, ಯಾಕಂದ್ರೆ ದುಡ್ಡಿನ ಕಥೆ ಶುರುವಾಗೋದು ಅಲ್ಲಿಂದ. ದಕ್ಷಿಣಕ್ಕೆ ಸಮುದ್ರ. ಮರಳಿಲ್ಲ, ಬರೀ ಉರುಟು ಕಲ್ಲಿನ ತೀರ. ಉತ್ತರಕ್ಕೆ ಸೌತ್ ಡೌನ್ಸ್ ಅನ್ನೋ ಸೀಮೆಸುಣ್ಣದ ಗುಡ್ಡಸಾಲು. ಮೇಲ್ಮೈಯಲ್ಲಿ ಹರಿಯೋ ನದಿ ಒಂದೂ ಇಲ್ಲ. ಮಳೆ ಸುಣ್ಣದ ಬಂಡೆಯೊಳಗೆ ಇಂಗುತ್ತೆ, ಊರು ಕುಡಿಯೋದು ಆ ನೀರನ್ನೇ. ಅದನ್ನ ಕಾಪಾಡೋಕೆ ಅಂತ ಹಿಂದಿನ ನಗರಸಭೆ ಗುಡ್ಡದಲ್ಲಿ ಸಾವಿರಾರು ಎಕರೆ ಕೊಂಡು ಇಟ್ಟಿತ್ತು. ಎಷ್ಟು ದೂರದೃಷ್ಟಿ ನೋಡಿ! ಈಗ ಆ ಗುಡ್ಡಗಳು ರಾಷ್ಟ್ರೀಯ ಉದ್ಯಾನ. ನಗರದ ಗಡಿಯೊಳಗಿನ ನೆಲದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಅದಕ್ಕೇ ಸೇರಿದೆ. ಮುಂದೆ ನೀರು, ಹಿಂದೆ ಕಟ್ಟಬಾರದ ಗುಡ್ಡ, ನಡುವೆ ಸುಮಾರು 2 ಲಕ್ಷ 77 ಸಾವಿರ ಜನ. ನಮ್ಮ ಬೆಂಗಳೂರಿನ ಹಾಗೆ ಹೊಸಕೋಟೆ, ಕೆಂಗೇರಿ ಅಂತ ಹಬ್ಬೋಕೆ ಜಾಗವೇ ಇಲ್ಲ. 2025ರಲ್ಲಿ ಗಡಿಯನ್ನ ಪೂರ್ವದ ಪೀಸ್‌ಹೇವನ್ ಕಡೆಗೆ ಚಾಚೋ ಪ್ರಸ್ತಾಪ ಬಂದಾಗ ಅಲ್ಲಿನ ಹಲವರು ಬೇಡಪ್ಪಾ ನಿಮ್ಮ ಸಹವಾಸ ಅಂದರು.

ಇನ್ನು ಆಡಳಿತ. ಬ್ರೈಟನ್ ಮತ್ತು ಹೋವ್ ಅಕ್ಕಪಕ್ಕದ ಎರಡು ಊರುಗಳು. 1997ರ ಏಪ್ರಿಲ್ 1ರಂದು ಎರಡನ್ನೂ ಸೇರಿಸಿ, ಕೌಂಟಿಯ ಕೈಯಿಂದ ಬಿಡಿಸಿ, ಒಂದೇ ಕೌನ್ಸಿಲ್ ಮಾಡಿದರು. 2000ದಲ್ಲಿ ನಗರ ಅನ್ನೋ ಪದವಿ ಸಿಕ್ಕಿತು. ಹೋವ್‌ನವರನ್ನ ‘ಬ್ರೈಟನ್ನಾ?’ ಅಂತ ಕೇಳಿದರೆ ಇವತ್ತಿಗೂ ‘ಹೋವ್, ಆಕ್ಚುಯಲಿ’ ಅಂತಾರೆ ಅನ್ನೋದು ಊರಿನ ಹಳೇ ತಮಾಷೆ. 54 ಸದಸ್ಯರ ಈ ಒಂದೇ ಕೌನ್ಸಿಲ್ ಕಸ, ರಸ್ತೆ, ಗ್ರಂಥಾಲಯ, ಶಾಲೆ, ಬಾಡಿಗೆ ಮನೆ, ವೃದ್ಧರ ಆರೈಕೆ, ದಿಕ್ಕಿಲ್ಲದ ಮಕ್ಕಳ ಪಾಲನೆ ಎಲ್ಲ ನೋಡ್ಕೋಬೇಕು. ಕೆಲಸ ಇಷ್ಟು, ಕಾಸು ಮಾತ್ರ ತನ್ನ ಕೈಲಿಲ್ಲ. 2010ರ ನಂತರ ಲಂಡನ್ ಸರ್ಕಾರದ ಅನುದಾನ ಕರಗ್ತಾ ಬಂತು. ಮನೆ ತೆರಿಗೆಯ ಲೆಕ್ಕ ಇವತ್ತಿಗೂ 1991ರ ಬೆಲೆಯ ಮೇಲೆ. ಕೇಂದ್ರ ಹಾಕಿದ ಮಿತಿಗಿಂತ ಹೆಚ್ಚು ಏರಿಸಬೇಕಾದ್ರೆ ಜನಮತ ಗಣನೆ ನಡೆಸಬೇಕು. ಹೀಗಿರೋವಾಗ ಕೌನ್ಸಿಲ್‌ಗೆ ಉಳಿದ ಸುಲಭದ ದಾರಿ ಒಂದೇ: ಕೇಂದ್ರದ ಸಾಲ ಮಂಡಳಿಯಿಂದ ಕಡಿಮೆ ಬಡ್ಡಿಗೆ ತಂದು, ಇನ್ನೊಬ್ಬರಿಗೆ ಹೆಚ್ಚು ಬಡ್ಡಿಗೆ ಕೊಟ್ಟು, ನಡುವಿನ ಲಾಭ ಇಟ್ಕೊಳ್ಳೋದು.

ಐ360 ಹುಟ್ಟಿದ್ದು ಹೀಗೆ. ಆ ಜಾಗದಲ್ಲಿ ಮುಂಚೆ ವೆಸ್ಟ್ ಪಿಯರ್ ಇತ್ತು. ಸಮುದ್ರದೊಳಕ್ಕೆ ಚಾಚಿದ ಕಬ್ಬಿಣದ ಕಟ್ಟೆ, 1866ರದ್ದು, ಯೂಜೀನಿಯಸ್ ಬರ್ಚ್ ಅನ್ನೋ ಎಂಜಿನಿಯರ್ ಕಟ್ಟಿದ್ದು. 1975ರಲ್ಲಿ ಬಾಗಿಲು ಹಾಕಿತು, 2003ರಲ್ಲಿ ಬೆಂಕಿಗೆ ಸಿಕ್ಕಿ ಅಸ್ಥಿಪಂಜರವಾಯಿತು. ಅದರ ಬುಡದಲ್ಲಿ ‘ನೆಟ್ಟಗೆ ನಿಂತ ಪಿಯರ್’ ಕಟ್ಟುತ್ತೇವೆ ಅಂತ ಬಂದವರು ಲಂಡನ್ ಐ ರೂಪಿಸಿದ ಮಾರ್ಕ್ಸ್ ಬಾರ್‌ಫೀಲ್ಡ್ ವಾಸ್ತುಶಿಲ್ಪಿಗಳು. 2014ರಲ್ಲಿ ಕೌನ್ಸಿಲ್ 3 ಕೋಟಿ 62 ಲಕ್ಷ ಪೌಂಡ್ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಗ್ರೀನ್ ಮತ್ತು ಕನ್ಸರ್ವೇಟಿವ್ ಪಕ್ಷಗಳು ಪರವಾಗಿ, ಲೇಬರ್ ವಿರುದ್ಧ. ಆಗಸ್ಟ್ 2016ರಲ್ಲಿ ಟವರ್ ತೆರೆಯಿತು.

ಇಲ್ಲೊಂದು ವಿಮರ್ಶೆಯ ಮಾತು ಹೇಳಲೇಬೇಕು. ಕಂಬ ಚಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನೆಟ್ಟಗೆ ನಿಂತ ಪಿಯರ್’ ಅನ್ನೋ ಹೋಲಿಕೆ ಪೊಳ್ಳು. ಪಿಯರ್ ಅಂದರೆ ಅಡ್ಡಾಡೋ ಜಾಗ. ಬೆಂಚಲ್ಲಿ ಕೂತು ಚಿಪ್ಸ್ ತಿನ್ನಬಹುದು, ಜಗಳ ಆಡಬಹುದು, ಸಂಜೆವರೆಗೆ ಸುಮ್ಮನೆ ನೀರು ನೋಡಬಹುದು. ಟವರಿನಲ್ಲಿ ಟಿಕೆಟ್ ತಗೊಂಡು ಸುಮಾರು ಇಪ್ಪತ್ತೈದು ನಿಮಿಷ ಇರ್ತೀರಿ, ಅಷ್ಟೇ. ಲಂಡನ್ ಐನಿಂದ ಸುತ್ತಲೂ ಲಂಡನ್ ಕಾಣುತ್ತೆ. ಇಲ್ಲಿ ಅರ್ಧ ವೃತ್ತ ಬರೀ ನೀರು. ಇನ್ನರ್ಧದಲ್ಲಿ ಬಿಳಿ ಬಿಳಿ ಹಳೇ ಮನೆಗಳು, ಹಿಂದೆ ಗುಡ್ಡ. ಒಂದು ಸಲ ನೋಡಿದವರು ಮತ್ತೆ ಯಾಕೆ ಹತ್ತಬೇಕು? ಈ ಪ್ರಶ್ನೆಗೆ ಅಂದಾಜು ಪಟ್ಟಿಯಲ್ಲಿ ಉತ್ತರ ಇತ್ತು, ಊರಿನಲ್ಲಿ ಇರಲಿಲ್ಲ.

ಕಾಣದೇ ಇದ್ದದ್ದು ಇನ್ನೂ ಮುಖ್ಯ. ಪೂರ್ವದ ಗುಡ್ಡದ ಆಚೆ ಮಡಿಲಲ್ಲಿ ವೈಟ್‌ಹಾಕ್ ಇದೆ, ಊರಿನ ಅತಿ ಬಡ ಬಡಾವಣೆಗಳಲ್ಲೊಂದು. 1930ರ ದಶಕದಲ್ಲಿ ಆಗಿನ ನಗರಸಭೆಯೇ ಅಲ್ಲಿ ಬಡವರಿಗೆ ಮನೆ ಕಟ್ಟಿಸಿತ್ತು. ಇನ್ನು ತೀರದಲ್ಲೇ, ಟವರಿನಿಂದ ಪೂರ್ವಕ್ಕೆ ನಡೆದರೆ ಮಡೀರಾ ಟೆರೇಸ್ ಸಿಗುತ್ತೆ. ಕಡಿದಾದ ದಂಡೆಗೆ ಒರಗಿ ನಿಂತ, 1890ರ ದಶಕದ ಎರಕದ ಕಬ್ಬಿಣದ ಕಮಾನುಗಳ ಉದ್ದ ಸಾಲು, ಕೌನ್ಸಿಲಿನದೇ ಆಸ್ತಿ. ಪಶ್ಚಿಮದಲ್ಲಿ ಹೊಸ ಕಂಬ ಏಳೋ ಹೊತ್ತಿಗೆ ಪೂರ್ವದ ಈ ಕಮಾನುಗಳು ತುಕ್ಕು ಹಿಡಿದು, ಅಪಾಯ ಅಂತ ಬೇಲಿ ಹಾಕಿಸ್ಕೊಂಡು ನಿಂತಿದ್ದವು. 2017ರಲ್ಲಿ ಊರಿನವರು ಆನ್‌ಲೈನಿನಲ್ಲಿ ಚಂದಾ ಎತ್ತಿದರು. ಮೂರು ಕಮಾನಿಗೆ ಸಾಕಾಗುವಷ್ಟು ದುಡ್ಡು ಸೇರಿತು. ದುರಸ್ತಿ ಕೆಲಸ ಶುರುವಾಗಿದ್ದು 2024ರ ಕೊನೆಗೆ. ಸ್ವಂತ ಆಸ್ತಿ ರಿಪೇರಿಗೆ ಚಂದಾ, ಇನ್ನೊಬ್ಬರ ಟವರಿಗೆ ಕೋಟಿಗಟ್ಟಲೆ ಸಾಲ. ಯಾಕೆ ಹೀಗೆ? ರಿಪೇರಿಯಿಂದ ಬಡ್ಡಿ ಹುಟ್ಟಲ್ಲ. ನನ್ನ ತಕರಾರು ಇರೋದು ಇಲ್ಲಿ. ಬಡ್ಡಿಯ ಕಣ್ಣಿನಿಂದ ನೋಡೋ ಅಭ್ಯಾಸ ಆದ ಕೌನ್ಸಿಲ್‌ಗೆ ಊರಿನ ಅರ್ಧ ಭಾಗ ಕಾಣದೇ ಹೋಗುತ್ತೆ.

ಸಾಲಕ್ಕೆ ಪರವಾಗಿ ಮತ ಹಾಕಿದವರನ್ನ ದಡ್ಡರು ಅನ್ನೋಕೆ ನನಗೆ ಮನಸ್ಸಿಲ್ಲ. ಬೆಂಕಿಬಿದ್ದ ಪಿಯರಿನ ಸುತ್ತ ಆ ಭಾಗ ಕಳೆಗುಂದಿತ್ತು, ಅಂಗಡಿಯವರಿಗೆ ಜನ ಬೇಕಿತ್ತು, ಅನುದಾನ ಕಡಿತವಾದಾಗ ಬಡ್ಡಿಯ ಆದಾಯ ವರ ಅನ್ನಿಸಿರಬಹುದು. ಅದೊಂದೇ ಊರಿನ ಹುಚ್ಚೂ ಅಲ್ಲ. ಲಂಡನ್ ಹತ್ತಿರದ ವೋಕಿಂಗ್, ಥರಕ್ ಕೌನ್ಸಿಲ್‌ಗಳು ಸಾಲ ತಂದು ಇದೇ ತರದ ವ್ಯಾಪಾರಕ್ಕೆ ಇಳಿದು, ಕೊನೆಗೆ ಬಜೆಟ್ ಸರಿದೂಗಿಸೋಕೆ ಆಗಲ್ಲ ಅಂತ ನೋಟಿಸ್ ಹೊರಡಿಸಬೇಕಾಯಿತು. ಆದರೆ ಕಷ್ಟ ಇತ್ತು ಅನ್ನೋದು ಒಂದು ಮಾತು, ಕಷ್ಟದಲ್ಲಿ ಊರಿನವರ ಹೆಸರಲ್ಲಿ ಜೂಜಾಡಬಹುದು ಅನ್ನೋದು ಬೇರೆ ಮಾತು. ಖಾಸಗಿ ಬ್ಯಾಂಕುಗಳು ಪೂರ್ತಿ ಹೊರೋಕೆ ಮುಂದೆ ಬಾರದ ಭಾರವನ್ನ ಕೌನ್ಸಿಲ್ ಯಾಕೆ ಹೊರಬೇಕಿತ್ತು?

ಟವರಿಗೆ ಬಂದವರ ಸಂಖ್ಯೆ ಅಂದಾಜಿಗಿಂತ ಬಹಳ ಕಡಿಮೆ. ಎರಡೇ ವರ್ಷದಲ್ಲಿ ಕಂತು ತಪ್ಪತೊಡಗಿತು, ಆಮೇಲೆ ಕೊರೋನಾ. 2024ರ ನವೆಂಬರಿನಲ್ಲಿ ಕಂಪನಿ ದಿವಾಳಿಯ ಹಾದಿ ಹಿಡಿಯಿತು, ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಬಡ್ಡಿ ಸೇರಿ ಬೆಳೆದಿದ್ದ ಬಾಕಿ ಸುಮಾರು 5 ಕೋಟಿ 10 ಲಕ್ಷ ಪೌಂಡ್ ಮನ್ನಾ ಆಯಿತು. 2025ರಲ್ಲಿ ಟವರನ್ನ ಹೊಸ ಮಾಲೀಕರು ಕೊಂಡಿದ್ದು ಒಂದೂವರೆ ಲಕ್ಷ ಪೌಂಡಿಗೆ. ಸಾಲ ಮಂಡಳಿಗೆ ಕೌನ್ಸಿಲ್ ಕಟ್ಟಬೇಕಾದ ಕಂತು ಮಾತ್ರ ಮನ್ನಾ ಆಗಲಿಲ್ಲ. ಅದು ಇನ್ನೂ ವರ್ಷಗಟ್ಟಲೆ ಇದೆ. ಆಗ ಅಧಿಕಾರದಲ್ಲಿದ್ದದ್ದು, ಅವತ್ತು ಬೇಡ ಅಂದಿದ್ದ ಲೇಬರ್ ಪಕ್ಷವೇ!

ಒಂದು ವಿಷಯದಲ್ಲಿ ಮಾತ್ರ ಆ ಊರಿಗೆ ಕೈ ಮುಗೀತೀನಿ. ಯಾರು ಯಾವ ಕಡೆ ಮತ ಹಾಕಿದರು, ಬಾಕಿ ಎಷ್ಟು, ಯಾವಾಗ ಮನ್ನಾ ಆಯಿತು ಎಲ್ಲ ಬಹಿರಂಗ. ಸಭೆಯ ಕಾಗದಪತ್ರಗಳನ್ನ ಬೆಂಗಳೂರಿನ ಸೋಫಾ ಮೇಲೆ ಕೂತು ಓದಬಹುದು. ನಾವು ಓದಬೇಕಾದ ಕಾರಣವೂ ಇದೆ. ಬೆಂಗಳೂರಿಗೆ 250 ಮೀಟರ್ ಎತ್ತರದ ಸ್ಕೈ ಡೆಕ್ ಕಟ್ಟೋ ಯೋಜನೆಗೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು, ಅಂದಾಜು 500 ಕೋಟಿ ರೂಪಾಯಿ. ಆ ಹೊತ್ತಿಗೆ ನಮ್ಮ ಪಾಲಿಕೆಯಲ್ಲಿ ಚುನಾಯಿತ ಕಾರ್ಪೊರೇಟರ್ ಒಬ್ಬರೂ ಇಲ್ಲದೆ ನಾಲ್ಕು ವರ್ಷ ಆಗಿತ್ತು. ಬ್ರೈಟನ್‌ನವರಿಗೆ ಕನಿಷ್ಠ ತಪ್ಪು ಮಾಡಿದ್ದು ಯಾರು ಅಂತ ಗೊತ್ತು. ನಾವು ಯಾರ ಹೆಸರು ಬರ್ಕೊಳ್ಳೋಣ?

ಟವರ್ ಮುಚ್ಚಿದ ಸುದ್ದಿ ಓದಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ನೆನಪಿತ್ತು. “ಅವತ್ತು ನಿನ್ನ ರೂಮು ಕಾಣ್ಲಿಲ್ಲ, ಅದೇ ಅಲ್ವಾ?” ಅಂದಳು. ಹೂಂ ಅಂದೆ. “ಹಾಗಾದ್ರೆ ಆ ಸಾಲ ಈಗ ಯಾರು ತೀರಿಸ್ತಾರೆ?”

ಕಾಣದೇ ಇದ್ದ ರೂಮುಗಳಲ್ಲಿ ಇರೋರು ಅಮ್ಮಾ ಅಂದೆ.