ದೋಸೆ ತಿನ್ನೋಕೆ ಓಟಿಪಿ ಯಾಕೆ?

ಹೋದ ತಿಂಗಳು ಶಾಮನೂರು ಕಡೆಯ ಒಂದು ಹೊಸ ಹೋಟೆಲಿಗೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಮೆನು ಕಾರ್ಡ್ ಇಲ್ಲ, ಟೇಬಲ್ ಮೇಲೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಮೊದಲು ಮೊಬೈಲ್ ನಂಬರ್, ಆಮೇಲೆ ಓಟಿಪಿ. ಕೀಪ್ಯಾಡ್ ಫೋನಿನ ಅಪ್ಪ ಕೇಳಿದರು: "ದ್ವಾಸಿ ತಿನ್ನಾಕೆ ನಂಬರ್ ಯಾಕಲೇ?"

ಸಾಫ್ಟ್‌ವೇರ್‌ನವನಾದ ನನಗೆ ಉತ್ತರ ಗೊತ್ತು. ಅದು ದೋಸೆಗಲ್ಲ, ನಾಳೆ ಆಫರ್ ಮೆಸೇಜ್ ಕಳಿಸೋಕೆ. ಬಿಲ್ ಮಾಡಲು ಗ್ರಾಹಕರ ನಂಬರಿಗೆ ಒತ್ತಾಯಿಸಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಯವರಿಗೆ ಹೇಳಿದೆ.

ಡಿಜಿಟಲ್ಲೇ ಬೇಡ ಅಂತಲ್ಲ. 2016ರಲ್ಲಿ ಬಂದ ಯುಪಿಐ ಚಿಲ್ಲರೆ ತಕರಾರು ಕಮ್ಮಿ ಮಾಡಿತು. ಗಲ್ಲಾ ಮೇಲಿನ ಸೌಂಡ್‌ಬಾಕ್ಸ್ ದುಡ್ಡು ಬಂತು ಅಂತ ಕೂಗುತ್ತೆ, ನಾವು ಸ್ಕ್ರೀನ್ ತೋರಿಸುತ್ತಾ ನಿಲ್ಲಬೇಕಿಲ್ಲ. ನೋಟು ಕೊಡೋರಿಗೂ ತೊಂದರೆಯಿಲ್ಲ.

ನಮ್ಮೂರ ಹಳೇ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಸಪ್ಲೈಯರ್ "ಬೆಣ್ಣೆನಾ, ಓಪನ್ನಾ, ಖಾಲಿನಾ?" ಅಂತ ಕೇಳ್ತಾನೆ. ಹೊರಗಿನವರಿಗೆ ವ್ಯತ್ಯಾಸ ಹೇಳ್ತಾನೆ. ಪ್ಲೇಟ್ ನೋಡಿಯೇ ಇನ್ನೊಂದು ಸಲ ಚಟ್ನಿ ಹಾಕ್ತಾನೆ. ಕ್ಯೂಆರ್ ಮೆನು ಅವನ ಕೆಲಸವನ್ನು ಗಿರಾಕಿ ತಲೆಗೆ ಕಟ್ಟಿ, ಅದಕ್ಕೆ 'ಗ್ರಾಹಕರ ಅನುಭವ' ಅಂತ ಹೆಸರಿಡುತ್ತೆ.

ತಂತ್ರಜ್ಞಾನ ಅಡುಗೆಮನೆಗೆ ಹೋಗಲಿ. ಆರ್ಡರ್ ತಪ್ಪದಂತೆ, ಮೊದಲು ಬಂದವರಿಗೆ ಮೊದಲು ದೋಸೆ ಸಿಗುವಂತೆ ನೋಡಿಕೊಳ್ಳಲಿ. ಟೇಬಲ್ ಹತ್ತಿರ ಮನುಷ್ಯನೇ ಬರಲಿ.

ಚಿಕ್ಕವನಿದ್ದಾಗ ದಾವಣಗೆರೆಗೆ ಕರೆತಂದು ನನಗೆ ದೋಸೆ ಹೇಳ್ತಿದ್ದವರು ಅಪ್ಪ. ಅವತ್ತು ತಮಗೇನು ಬೇಕು ಅಂತ ಹೇಳೋಕೆ ನನ್ನ ಮುಖ ನೋಡಿದರು. ಯಾವ ಫೀಡ್‌ಬ್ಯಾಕ್ ಫಾರ್ಮಿನಲ್ಲೂ ಅದನ್ನು ಬರೆಯೋಕೆ ಜಾಗ ಇಲ್ಲ.