ಹಿಂಗುರಿಯ ಕಚ್ಚು

ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆಯನ್ನು ತನ್ನ ಸೀಮೆಯೊಳಗೆ ಇರಿಸಿಕೊಂಡ ಕೋಲಾರದಲ್ಲಿ ಕೋವಿಯ ಪ್ರಸ್ತಾಪ ಬಂದಾಗಲೆಲ್ಲ ಮದ್ದು ಗುಂಡುಗಳ ಗರ್ಜನೆಯೇ ಮುಂದೆ ನಿಲ್ಲುವುದಾದರೂ, ನನ್ನ ಮನಸ್ಸು ಹೈದರನ ಕಾಲದ ದಂಡಿನ ಬಂದೂಕುಗಳಲ್ಲಿ ಸಾಮಾನ್ಯವಾಗಿ ಇರದಿದ್ದ, ರಿವಾಲ್ವರಿನ ಬೆನ್ನಮೇಲೆ ಗುರಿನೋಡಲು ಕೊರೆದ ಹಿಂಗುರಿಯ ಕಿರುಗಚ್ಚನ್ನೇ ಅರಸಿ ಹೋಗುವುದು. ವೆಬ್ಲಿ ರಿವಾಲ್ವರಿನಲ್ಲಂತೂ, ನಳಿಗೆಯನ್ನು ಚೌಕಟ್ಟಿಗೆ ಬಂಧಿಸುವ ಚಿಲಕದ ನೆತ್ತಿಯಮೇಲೆಯೇ ಅದನ್ನು ಕೊರೆದಿರುವುದರಿಂದ, ಒಂದೇ ಉಕ್ಕಿನ ತುಂಡು ಬೀಗವೂ ಕಣ್ಣೂ ಆಗಿ ದುಡಿಯುತ್ತದೆ. ಎಂತಹ ಮಿತವ್ಯಯದ ಶಿಲ್ಪ! ಹಿಂಗುರಿಯು ಬಲಕ್ಕೆ ಸರಿದರೆ ಗುಂಡೂ ಬಲಕ್ಕೆ, ಎತ್ತರಿಸಿದರೆ ಮೇಲಕ್ಕೆ. ನಳಿಗೆಯ ತುದಿಯ ಮುಂಗುರಿಗೂ ಹಿಂಗುರಿಗೂ ನಡುವಣ ಅಂತರವು 15 ಸೆಂಟಿಮೀಟರಾಗಿದ್ದಲ್ಲಿ, ಕಚ್ಚಿನಲ್ಲಿ 0.1 ಮಿಲಿಮೀಟರಿನಷ್ಟು ಅರ ತಪ್ಪಿದರೆ 25 ಮೀಟರಿನಾಚೆಯ ಹಲಗೆಯಲ್ಲಿ ಅದು ಬೆರಳಗಲವಾಗಿ ಕಾಣುವುದು. ಆದುದರಿಂದಲೇ ಹೊಸ ಹಿಂಗುರಿಯನ್ನು ಮನೆಯ ಜಗಲಿಯಲ್ಲಿ ಕೂರಿಸುವ ಸಾಹಸವನ್ನು ನಾನು ಒಪ್ಪಲಾರೆ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಪಡೆದ ಕುಶಲಿಯು ಒಂದೊಂದು ಉಜ್ಜಿಗೂ ನಿಂತು, ಅಳೆದು, ಬೆಳಕಿಗೆ ಹಿಡಿದು ನೋಡುವ ಆ ತಾಳ್ಮೆಯನ್ನೇ ನಾನು ಮೆಚ್ಚುವುದು.